ನಿಷಿದ್ಧದ ಆಕರ್ಷಣೆ ಮತ್ತು ಶಂಕೆಯ ಕಣ್ಣು: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡ ಒಂದು ಓದು

೧. ಪ್ರವೇಶ

ದಾಂಪತ್ಯದ ಗೆರೆಯನ್ನು ದಾಟುವ ಆಸೆ ಮಾನವ ಸಂಸ್ಕೃತಿಯಷ್ಟೇ ಹಳೆಯದು. ಆ ಆಸೆಯನ್ನು ಕಥೆಯಾಗಿಸಿ, ಹಾಡಾಗಿಸಿ, ಆಟವಾಗಿಸಿ ಸಮುದಾಯದ ಮುಂದಿಡುವ ಪ್ರವೃತ್ತಿಯೂ ಅಷ್ಟೇ ಹಳೆಯದು. ಯಾವ ಸಮಾಜ ಇಂತಹ ಸಂಬಂಧವನ್ನು ಕಟುವಾಗಿ ಖಂಡಿಸುತ್ತದೆಯೋ ಅದೇ ಸಮಾಜ ಅದರ ಕಥೆಯನ್ನು ಇರುಳೆಲ್ಲ ಕುಳಿತು ನೋಡುತ್ತದೆ. ಈ ವಿರೋಧಾಭಾಸವನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಅದು ಉತ್ತರವಾಗಲಾರದು. ನಿಷಿದ್ಧವಾದದ್ದು ಏಕೆ ಸೆಳೆಯುತ್ತದೆ, ಆ ಸೆಳೆತವನ್ನು ಮಾಧ್ಯಮಗಳು ಹೇಗೆ ನಿರ್ವಹಿಸುತ್ತವೆ, ಆ ನಿರ್ವಹಣೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ.

ಅಧ್ಯಯನದ ಅನುಕೂಲಕ್ಕಾಗಿ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಸೀಮೆಯನ್ನು ಕೇಂದ್ರವಾಗಿಟ್ಟುಕೊಳ್ಳಲಾಗಿದೆ. ವಿರಾಟನಗರವೆಂಬ ಐತಿಹ್ಯದ ಹಾನಗಲ್ಲ, ಕನಕದಾಸರ ಬಾಡ ಮತ್ತು ಷರೀಫರ ಶಿಶುನಾಳಗಳನ್ನು ಒಳಗೊಂಡ ಶಿಗ್ಗಾಂವಿ, ವೀಳ್ಯದೆಲೆಗೆ ಹೆಸರಾದ ಸವಣೂರು, ಸರ್ವಜ್ಞನ ಹುಟ್ಟಿನ ಕಥೆಯನ್ನು ಹೊತ್ತ ಅಬಲೂರಿರುವ ಹಿರೇಕೆರೂರು, ಈ ನಾಲ್ಕೂ ನೆಲೆಗಳು ನಮ್ಮ ವಿಷಯಕ್ಕೆ ಬೇರೆ ಬೇರೆ ಬಾಗಿಲುಗಳನ್ನು ತೆರೆಯುತ್ತವೆ. ಅಗತ್ಯವಿದ್ದಲ್ಲಿ ಸೀಮೆಯ ಆಚೆಗಿನ ಪಠ್ಯಗಳನ್ನೂ ಪರಿಶೀಲಿಸಲಾಗಿದೆ. ‘ಮಾಧ್ಯಮ’ ಎಂಬ ಪದವನ್ನು ಇಲ್ಲಿ ಮುದ್ರಣ, ಸಿನಿಮಾ, ದೂರದರ್ಶನಗಳಿಗೆ ಸೀಮಿತಗೊಳಿಸದೆ, ಆಚರಣೆ, ಹಾಡು, ಬಯಲಾಟ, ಕಾವ್ಯಗಳನ್ನೂ ಒಳಗೊಳ್ಳುವಂತೆ ಬಳಸಲಾಗಿದೆ.

೨. ಮನೋವಿಜ್ಞಾನ ಮತ್ತು ಕಾವ್ಯಮೀಮಾಂಸೆ: ಎರಡು ನೆಲೆಗಳು

ಕದ್ದು ತಿಂದದ್ದಕ್ಕೆ ರುಚಿ ಹೆಚ್ಚು ಎಂಬ ಲೋಕಾನುಭವವನ್ನು ಮನೋವಿಜ್ಞಾನ ಹಲವು ಬಗೆಗಳಲ್ಲಿ ಪರೀಕ್ಷಿಸಿದೆ. ಸಿಗ್ಮಂಡ್ ಫ್ರಾಯ್ಡ್ 1913ರ ತನ್ನ ‘ಟೋಟೆಮ್ ಮತ್ತು ಟಾಬೂ’ ಕೃತಿಯಲ್ಲಿ ನಿಷೇಧವಿರುವಲ್ಲಿ ಅದರ ಕೆಳಗೆ ಆಸೆಯೊಂದು ಇದ್ದೇ ಇರುತ್ತದೆಂದು ವಾದಿಸಿದ. ಯಾರೂ ಬಯಸದ ವಸ್ತುವನ್ನು ನಿಷೇಧಿಸುವ ಅಗತ್ಯವೇ ಇರುವುದಿಲ್ಲವೆಂಬುದು ಅವನ ತರ್ಕ. ಅದಕ್ಕೂ ಮೊದಲು, 1908ರಲ್ಲಿ ಪ್ರಕಟವಾದ ಹಗಲುಗನಸು ಮತ್ತು ಕವಿಯನ್ನು ಕುರಿತ ಲೇಖನದಲ್ಲಿ, ಬರಹಗಾರನು ತನ್ನ ಖಾಸಗಿ ಭ್ರಮಾಲೋಕಕ್ಕೆ ರೂಪದ ಹೊದಿಕೆ ಹೊದಿಸುವುದರಿಂದ ಓದುಗನು ತನ್ನದೇ ಹಗಲುಗನಸನ್ನು ನಾಚಿಕೆಯಿಲ್ಲದೆ ಅನುಭವಿಸಬಲ್ಲನೆಂದು ಹೇಳಿದ್ದ. 1966ರಲ್ಲಿ ಜ್ಯಾಕ್ ಬ್ರೆಮ್ ರೂಪಿಸಿದ ಪ್ರತಿರೋಧ ಸಿದ್ಧಾಂತವು ಆಯ್ಕೆಯ ಸ್ವಾತಂತ್ರ್ಯವನ್ನು ಕಸಿದುಕೊಂಡಾಗ ಕಸಿದುಕೊಂಡದ್ದರ ಬೆಲೆ ಮನಸ್ಸಿನಲ್ಲಿ ಏರುತ್ತದೆಂದು ತೋರಿಸಿತು. ಡೇನಿಯಲ್ ವೆಗ್ನರ್ 1987ರಲ್ಲಿ ನಡೆಸಿದ ಬಿಳಿ ಕರಡಿಯ ಪ್ರಯೋಗ ಪ್ರಸಿದ್ಧವಾಗಿದೆ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಸೂಚಿಸಿದರೂ ಭಾಗವಹಿಸಿದವರ ಮನಸ್ಸಿಗೆ ಅದು ಮತ್ತೆ ಮತ್ತೆ ನುಗ್ಗುತ್ತಿತ್ತು. ಇದೇ ವೆಗ್ನರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಜಿನ ಕೆಳಗೆ ಇತರರಿಗೆ ತಿಳಿಯದಂತೆ ಕಾಲು ತಾಗಿಸಿಕೊಂಡಿದ್ದವರಲ್ಲಿ ಪರಸ್ಪರ ಆಕರ್ಷಣೆ ಹೆಚ್ಚಿದ್ದುದು ಕಂಡುಬಂತು. ಗುಟ್ಟೇ ಆಕರ್ಷಣೆಯನ್ನು ಬೆಳೆಸಬಲ್ಲದೆಂಬುದು ಇದರ ತಾತ್ಪರ್ಯ.

ಆದರೆ ಈ ನಿರ್ಣಯಗಳನ್ನು ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ. ಹೆತ್ತವರ ವಿರೋಧ ಪ್ರೇಮಿಗಳ ಪ್ರೀತಿಯನ್ನು ಹೆಚ್ಚಿಸುತ್ತದೆ ಎಂಬ 1972ರ ಅಧ್ಯಯನವೊಂದರ ತೀರ್ಮಾನ 2014ರಲ್ಲಿ ನಡೆದ ಮರುಪರೀಕ್ಷೆಯಲ್ಲಿ ದೃಢಪಡಲಿಲ್ಲ. ಗುಪ್ತ ಸಂಬಂಧಗಳನ್ನು ಕುರಿತ 2005ರ ಫಾಸ್ಟರ್ ಮತ್ತು ಕ್ಯಾಂಪ್‌ಬೆಲ್ ಅವರ ಅಧ್ಯಯನವು ಗುಟ್ಟು ದೀರ್ಘಕಾಲದಲ್ಲಿ ಸಂಬಂಧಕ್ಕೆ ಹೊರೆಯಾಗುತ್ತದೆಂದು ತೋರಿಸಿತು. ಗುಟ್ಟು ಆಸೆಯನ್ನು ಹೊತ್ತಿಸಬಲ್ಲದು, ಬಾಳನ್ನು ಕಟ್ಟಲಾರದು ಎಂದು ಇದನ್ನು ಸಂಗ್ರಹಿಸಬಹುದು. ಅಲ್ಲದೆ ಇಂತಹ ಪ್ರಯೋಗಗಳು ಬಹುಮಟ್ಟಿಗೆ ಪಾಶ್ಚಾತ್ಯ ಸಮಾಜಗಳಲ್ಲಿ ನಡೆದವು. ಜಾತಿ, ಕುಲ, ಮರ್ಯಾದೆಗಳ ಬಿಗಿಯಲ್ಲಿರುವ ನಮ್ಮ ಗ್ರಾಮಗಳಿಗೆ ಅವುಗಳನ್ನು ನೇರವಾಗಿ ಅನ್ವಯಿಸುವುದು ಸರಿಯಲ್ಲ.

ಈ ಹಿನ್ನೆಲೆಯಲ್ಲಿ ನಮ್ಮದೇ ಕಾವ್ಯಮೀಮಾಂಸೆ ಹೆಚ್ಚು ನೆರವಾಗುತ್ತದೆ. ಪರನಾರಿಯಲ್ಲಿಟ್ಟ ರತಿಯನ್ನು ಆಲಂಕಾರಿಕರು ‘ರಸಾಭಾಸ’ ಎಂದು ಗುರುತಿಸಿದರು. ಸೀತೆಯನ್ನು ಕುರಿತ ರಾವಣನ ಮೋಹವನ್ನು ಅಭಿನವಗುಪ್ತನು ಶೃಂಗಾರದ ಆಭಾಸವೆಂದು ಕರೆಯುತ್ತಾನೆ. ಆದರೆ ತನ್ಮಯನಾಗಿ ನೋಡುತ್ತಿರುವ ಕ್ಷಣದಲ್ಲಿ ಸಹೃದಯನಿಗೆ ಅದು ಆಭಾಸವೆಂದು ತೋರುವುದಿಲ್ಲ, ವಿವೇಚನೆ ಬರುವುದು ಅನಂತರವೇ ಎಂಬ ಸೂಕ್ಷ್ಮವನ್ನೂ ಅವನು ಗುರುತಿಸಿದ್ದಾನೆ. ನಮ್ಮ ಚರ್ಚೆಗೆ ಇದು ಮುಖ್ಯ. ತನ್ಮಯತೆಯ ಕ್ಷಣಕ್ಕೂ ತೀರ್ಪಿನ ಕ್ಷಣಕ್ಕೂ ನಡುವೆ ಒಂದು ಅಂತರವಿದೆ. ನಿಷಿದ್ಧ ಆಕರ್ಷಣೆಯ ಪಠ್ಯಗಳೆಲ್ಲ ಈ ಅಂತರದಲ್ಲಿ ಬದುಕುತ್ತವೆ. ಅಂತರವನ್ನು ಯಾವ ಸಾಧನದಿಂದ ತುಂಬಲಾಗುತ್ತದೆ ಎಂಬುದರ ಮೇಲೆ ಪಠ್ಯದ ನೈತಿಕತೆ ನಿರ್ಧಾರವಾಗುತ್ತದೆ. ಆಚರಣೆ, ವೇಷ, ಕನಸು ಮತ್ತು ಶಿಕ್ಷೆ ಎಂಬ ನಾಲ್ಕು ಸಾಧನಗಳನ್ನು ಮುಂದೆ ಪರಿಶೀಲಿಸಲಾಗುವುದು.

೩. ಆಚರಣೆ: ಜೋಕುಮಾರನ ಏಳು ದಿನಗಳು

ಉತ್ತರ ಕರ್ನಾಟಕದ ಉಳಿದ ಭಾಗಗಳಂತೆ ಹಾವೇರಿ ಸೀಮೆಯಲ್ಲಿಯೂ ಭಾದ್ರಪದ ಮಾಸದಲ್ಲಿ, ಗಣೇಶ ಚತುರ್ಥಿಯ ಬೆನ್ನಿಗೆ, ಜೋಕುಮಾರ ಬರುತ್ತಾನೆ. ಅಂಬಿಗ, ತಳವಾರ ಮುಂತಾದ ಸಮುದಾಯಗಳ ಮಹಿಳೆಯರು ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಬೇವಿನ ಸೊಪ್ಪು ಸುತ್ತಿ, ಬಾಯಿಗೆ ಬೆಣ್ಣೆ ಮೆತ್ತಿ ಮನೆಮನೆಗೆ ಹೊತ್ತು ಹಾಡುತ್ತಾರೆ. ಮನೆಯವರು ಮೊರದಲ್ಲಿ ಕಾಳುಕಡಿ ನೀಡುತ್ತಾರೆ. ಅಗಲವಾದ ಕಣ್ಣು, ಎದ್ದು ಕಾಣುವ ಪುರುಷಾಂಗದ ಈ ದೇವರು ಕಂಡ ಹೆಣ್ಣನ್ನೆಲ್ಲ ಬಯಸುವ ಪುಂಡ. ಅವನ ಆಯುಷ್ಯ ಏಳು ದಿನ. ಅಗಸರ ಹೆಣ್ಣಿನ ಮೇಲೆ ಕಣ್ಣುಹಾಕಿ ಕೊಲೆಯಾದನೆಂಬುದು ಪ್ರಚಲಿತ ಕಥೆಗಳಲ್ಲಿ ಒಂದು. ಹುಣ್ಣಿಮೆಯ ಇರುಳು ಅವನನ್ನು ‘ಕೊಂದು’, ಬಳಿಕ ಅವನಿಗಾಗಿ ದುಃಖಿಸಲಾಗುತ್ತದೆ. ಮಳೆಬೆಳೆ, ಸಂತಾನಗಳ ನಂಬಿಕೆ ಈ ಆಚರಣೆಯೊಂದಿಗೆ ಹೆಣೆದುಕೊಂಡಿದೆ.

ಜೋಕುಮಾರನನ್ನು ಫಲವಂತಿಕೆಯ ದೇವತೆಯಾಗಿ ಓದುವ ಕ್ರಮ ಜಾನಪದ ಅಧ್ಯಯನದಲ್ಲಿ ರೂಢವಾಗಿದೆ. ನಮ್ಮ ಪ್ರಶ್ನೆಯ ದೃಷ್ಟಿಯಿಂದ ನೋಡಿದರೆ ಮತ್ತೂ ಮೂರು ಅಂಶಗಳು ಗಮನಾರ್ಹವೆನಿಸುತ್ತವೆ. ಮೊದಲನೆಯದಾಗಿ, ಇಲ್ಲಿ ಎಲ್ಲೆ ಮೀರುವ ಆಸೆಗೆ ಸಮುದಾಯವೇ ಅವಧಿ ಗೊತ್ತುಪಡಿಸಿದೆ. ಆಸೆಯನ್ನು ನಿರಾಕರಿಸುವುದಿಲ್ಲ, ಅದಕ್ಕೆ ಹುಟ್ಟು ಸಾವಿನ ದಿನಗಳನ್ನು ಕೊಡಲಾಗುತ್ತದೆ. ಎರಡನೆಯದಾಗಿ, ಕಥೆಯನ್ನು ಹೊತ್ತು ತರುವವರು, ಹಾಡುವವರು ಹೆಣ್ಣುಮಕ್ಕಳು. ಮೂರನೆಯದಾಗಿ, ಶಿಕ್ಷೆ ಬೀಳುವುದು ಬಯಸಿದ ಗಂಡಿಗೆ. ಯಾವ ಹೆಣ್ಣಿನ ಶೀಲವನ್ನೂ ಇಲ್ಲಿ ವಿಚಾರಣೆಗೆ ಒಳಪಡಿಸಲಾಗುವುದಿಲ್ಲ. ಸತ್ತವನಿಗಾಗಿ ಅಳುವ ಕ್ರಿಯೆಯಲ್ಲಿ ಆಸೆಯ ಬಗೆಗಿನ ಸಹಾನುಭೂತಿಯೂ ಅದರ ಮಿತಿಯ ಅರಿವೂ ಒಟ್ಟಿಗೆ ಇವೆ. ಚಂದ್ರಶೇಖರ ಕಂಬಾರರು 1972ರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಈ ಆಚರಣೆಯನ್ನು ಎತ್ತಿಕೊಂಡು, ಗೌಡನ ಹೆಂಡತಿಯ ಮಗುವಿನ ಹಂಬಲವನ್ನು ಉಳುವವನ ಭೂಮಿಯ ಹಕ್ಕಿನೊಂದಿಗೆ ಜೋಡಿಸಿದ್ದು, ಆಚರಣೆಯೊಳಗಿದ್ದ ಸಾಧ್ಯತೆಯನ್ನು ರಾಜಕೀಯವಾಗಿ ವಿಸ್ತರಿಸಿದ ಪ್ರಯತ್ನವಾಗಿದೆ.

೪. ವೇಷ ಮತ್ತು ಕನಸು: ಹಾನಗಲ್ಲದ ಕೀಚಕ, ಬಾಡದ ಕನಕದಾಸರ ಉಷೆ

ಶಾಸನಗಳ ಪಾನುಂಗಲ್ ಆದ ಹಾನಗಲ್ಲವು ಜನರ ನಂಬಿಕೆಯಲ್ಲಿ ವಿರಾಟನ ನಗರ. ಪಾಂಡವರ ಅಜ್ಞಾತವಾಸದ ನೆನಪನ್ನು ಹೊತ್ತ ಕುಂತಿಯ ದಿಬ್ಬ ಅಲ್ಲಿದೆ. ಈ ಐತಿಹ್ಯದ ಚಾರಿತ್ರಿಕತೆ ಇಲ್ಲಿ ಮುಖ್ಯವಲ್ಲ. ಒಂದು ಊರು ತನ್ನನ್ನು ಕೀಚಕನ ಕಥೆಯ ರಂಗಭೂಮಿಯಾಗಿ ಕಲ್ಪಿಸಿಕೊಂಡಿದೆ ಎಂಬುದು ಮುಖ್ಯ. ಅಕ್ಕನ ಅಂತಃಪುರದಲ್ಲಿ ಸೈರಂಧ್ರಿಯನ್ನು ಕಂಡು ಮೋಹಗೊಳ್ಳುವ ಕೀಚಕನ ಪ್ರಸಂಗ ಕುಮಾರವ್ಯಾಸನ ವಿರಾಟಪರ್ವದಲ್ಲಿ ವಿಸ್ತಾರಗೊಂಡು, ಯಕ್ಷಗಾನ ದೊಡ್ಡಾಟಗಳ ಮೂಲಕ ಜನರನ್ನು ತಲುಪಿದೆ.

ಬಯಲಾಟದಲ್ಲಿ ಈ ಪ್ರಸಂಗದ ಆಕರ್ಷಣೆ ಎರಡು ಬಗೆಯದು. ಕೀಚಕನ ವಿರಹಾಲಾಪವನ್ನು ಪ್ರೇಕ್ಷಕರು ಆಸ್ವಾದಿಸುತ್ತಾರೆ. ಆಮೇಲೆ ನರ್ತನಶಾಲೆಯ ಕತ್ತಲಲ್ಲಿ ಹೆಣ್ಣುವೇಷದ ಭೀಮನನ್ನು ಅವನು ತಬ್ಬಿದಾಗ ನಗುತ್ತಾರೆ, ಅವನ ವಧೆಗೆ ಸಂತೋಷಪಡುತ್ತಾರೆ. ಸ್ತ್ರೀಪಾತ್ರಗಳನ್ನು ಗಂಡಸರೇ ನಿರ್ವಹಿಸುತ್ತಿದ್ದ ದೊಡ್ಡಾಟದಲ್ಲಿ ದ್ರೌಪದಿಯೂ ವೇಷ, ಭೀಮನ ಹೆಣ್ತನವೂ ವೇಷ. ಆದ್ದರಿಂದ ಕೀಚಕನ ಮೋಹ ನಿಜವಾದ ಹೆಣ್ಣಿನ ಮೈಯನ್ನು ಎಂದೂ ಮುಟ್ಟುವುದಿಲ್ಲ. ವೇಷವು ಪ್ರೇಕ್ಷಕನಿಗೆ ಆಸೆಯ ಸಮೀಪಕ್ಕೆ ಹೋಗಿಬರುವ ಅವಕಾಶ ಕೊಟ್ಟು, ನಗೆಯ ಮೂಲಕ ಅವನನ್ನು ತೀರ್ಪಿನ ಕಡೆಗೆ ಮರಳಿಸುತ್ತದೆ. ಶೃಂಗಾರಾಭಾಸವು ಹಾಸ್ಯಕ್ಕೆ ತಿರುಗುತ್ತದೆಂಬ ಆಲಂಕಾರಿಕರ ಮಾತಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು. ಕೀಚಕನಿಗೆ ಆಸೆಯ ಜೊತೆಗೆ ಅಧಿಕಾರವೂ ಇದೆ, ಸೈರಂಧ್ರಿಯ ಒಪ್ಪಿಗೆ ಇಲ್ಲ ಎಂಬುದನ್ನೂ ಮರೆಯಬಾರದು. ಬಲಾತ್ಕಾರವನ್ನೂ ಪರಸ್ಪರ ಸಮ್ಮತಿಯ ಆಕರ್ಷಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವಿಮರ್ಶೆ ಎರಡಕ್ಕೂ ಅನ್ಯಾಯ ಮಾಡುತ್ತದೆ.

ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ಮೋಹನತರಂಗಿಣಿ’ಯಲ್ಲಿ ಮತ್ತೊಂದು ಸಾಧನ ದೊರೆಯುತ್ತದೆ. ಸಾಂಗತ್ಯದಲ್ಲಿರುವ ಈ ಕಾವ್ಯದ ಉಷಾ ಅನಿರುದ್ಧರ ಕಥೆಯಲ್ಲಿ ಬಾಣಾಸುರನ ಮಗಳು ಕನಸಿನಲ್ಲಿ ಅಪರಿಚಿತ ತರುಣನನ್ನು ಕೂಡುತ್ತಾಳೆ. ಗೆಳತಿ ಚಿತ್ರಲೇಖೆ ಚಿತ್ರಗಳನ್ನು ಬರೆದು ತೋರಿಸುತ್ತ ಹೋಗಿ, ಕನಸಿನವನು ಅನಿರುದ್ಧನೆಂದು ಗುರುತಿಸುವಂತೆ ಮಾಡಿ, ಅವನನ್ನು ತಂದೊಪ್ಪಿಸುತ್ತಾಳೆ. ಉಷೆ ಅವಿವಾಹಿತೆ. ಆದ್ದರಿಂದ ಇದು ದಾಂಪತ್ಯದ್ರೋಹವಲ್ಲ. ಆದರೆ ತಂದೆಯ ಅನುಮತಿಯಿಲ್ಲದ, ವೈರಿ ಕುಲದವನೊಂದಿಗಿನ ಗುಪ್ತಸಂಬಂಧವಾದುದರಿಂದ ನಿಷಿದ್ಧವೇ. ಕನಸು, ಚಿತ್ರ, ಕೂಟ ಎಂಬ ಈ ಕ್ರಮ ಅತ್ಯಂತ ಅರ್ಥಪೂರ್ಣವಾಗಿದೆ. ಆಸೆ ಮೊದಲು ಆಕಾರವಿಲ್ಲದ ಕನಸಾಗಿರುತ್ತದೆ, ಅದಕ್ಕೆ ಮುಖ ಕೊಡುವುದು ಚಿತ್ರ. ಪರದೆಯ ಮೇಲಿನ ಚಿತ್ರಗಳು ನಮ್ಮ ಕಾಲದಲ್ಲಿ ಮಾಡುತ್ತಿರುವ ಕೆಲಸವನ್ನೇ ಚಿತ್ರಲೇಖೆ ಮಾಡಿದ್ದಾಳೆ. ಕನಸಿಗೆ ಹೊಣೆಗಾರಿಕೆ ಇಲ್ಲದ್ದರಿಂದ ಹೆಣ್ಣಿನ ಬಯಕೆ ಇಲ್ಲಿ ಅಪರಾಧವಾಗದೆ ಕಥೆಯ ಆರಂಭವಾಗಲು ಸಾಧ್ಯವಾಗಿದೆ.

೫. ಹುಟ್ಟು, ಅಧ್ಯಾತ್ಮ, ಎಲೆ: ಸೀಮೆಯ ಮತ್ತೆ ಮೂರು ಸುಳಿವುಗಳು

ಹಿರೇಕೆರೂರು ತಾಲ್ಲೂಕಿನ ಅಬಲೂರಿನೊಂದಿಗೆ ಸರ್ವಜ್ಞನ ಹುಟ್ಟಿನ ಕಥೆ ತಳುಕುಹಾಕಿಕೊಂಡಿದೆ. ಮಾಸೂರಿನ ಬ್ರಾಹ್ಮಣ ಬಸವರಸನಿಗೂ ಕುಂಬಾರ ವಿಧವೆ ಮಾಳಿಗೂ ಹುಟ್ಟಿದವನು ಸರ್ವಜ್ಞನೆಂದು ಆ ಕಥೆ ಹೇಳುತ್ತದೆ. ಜಾತಿ, ವೈಧವ್ಯ, ವಿವಾಹ ಎಂಬ ಮೂರು ನಿಷೇಧಗಳನ್ನು ಒಮ್ಮೆಲೇ ಮುರಿದ ಕೂಡಿಕೆಯಿಂದ ಲೋಕಕ್ಕೆ ನೀತಿ ಹೇಳುವ ಕವಿಯನ್ನು ಜನಪದ ಕಲ್ಪನೆ ಹುಟ್ಟಿಸಿದೆ. ಪರಸ್ತ್ರೀ ಸಂಗವನ್ನು ಖಂಡಿಸುವ ತ್ರಿಪದಿಗಳೂ ಹೆಣ್ಣು ಗಂಡಿನ ಕಾಮವನ್ನು ಮುಚ್ಚುಮರೆಯಿಲ್ಲದೆ ಮಾತಾಡುವ ತ್ರಿಪದಿಗಳೂ ಅವನ ಹೆಸರಿನಲ್ಲಿಯೇ ಸಂಗ್ರಹವಾಗಿವೆ. ಅವುಗಳಲ್ಲಿ ಪ್ರಕ್ಷಿಪ್ತಗಳೆಷ್ಟು ಎಂಬ ಪಠ್ಯವಿಮರ್ಶೆಯ ಪ್ರಶ್ನೆ ಬೇರೆ. ಜನತೆಗೆ ಈ ಎರಡೂ ಒಬ್ಬನದೇ ಮಾತಾಗಿ ಕಂಡವು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಹಿರೇಕೆರೂರಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಮನೆಯ ಗಂಡ ಮತ್ತು ಹೊರಗಿನ ಮಿಂಡನ ರೂಪಕವನ್ನೇ ಭಕ್ತಿಗೆ ಅಳವಡಿಸಿದಳು. ಲೋಕ ಯಾವುದನ್ನು ಹಾದರವೆನ್ನುತ್ತದೆಯೋ ಅದೇ ಪದ ಅವಳಲ್ಲಿ ಲೌಕಿಕ ಗಂಡನ ಅಧಿಕಾರವನ್ನು ನಿರಾಕರಿಸುವ ಅಸ್ತ್ರವಾಯಿತು. ಶಿಶುನಾಳ ಷರೀಫರು (1819-1889) ಮನೆವಾರ್ತೆಯ, ನಂಟಸ್ತಿಕೆಯ ಭಾಷೆಯನ್ನು ತತ್ವಪದಕ್ಕೆ ತಂದರು. ನಿಷಿದ್ಧದ ಭಾಷೆಗೆ ಇಷ್ಟು ಕಾವು ಇಲ್ಲದಿದ್ದರೆ ಅನುಭಾವಿಗಳು ಅದನ್ನು ಎತ್ತಿಕೊಳ್ಳುತ್ತಿರಲಿಲ್ಲ.

ಸವಣೂರಿನ ವೀಳ್ಯದೆಲೆಯನ್ನು ಇಲ್ಲಿ ಸಾಂಕೇತಿಕವಾಗಿ ನೆನೆಯಬಹುದು. ಎಲೆ ಅಡಿಕೆಯ ವಿನಿಮಯದಿಂದಲೇ ನಮ್ಮಲ್ಲಿ ಲಗ್ನ ನಿಶ್ಚಯವಾಗುತ್ತದೆ. ಅದೇ ಎಲೆಯನ್ನು ಮಡಿಚಿ ಕೊಡುವುದು ಜನಪದ ಹಾಡುಗಳಲ್ಲಿ ಒಲಿದವರ ನಡುವಿನ ಸಲಿಗೆಯ ಗುರುತು. ಒಪ್ಪಿತ ಸಂಬಂಧಕ್ಕೂ ಒಪ್ಪದ ಸಂಬಂಧಕ್ಕೂ ಸಂಸ್ಕೃತಿ ಬೇರೆ ಬೇರೆ ಸಂಕೇತಗಳನ್ನು ಇಟ್ಟುಕೊಂಡಿಲ್ಲ. ಅಂತರವಿರುವುದು ವಸ್ತುವಿನಲ್ಲಲ್ಲ, ಸಾಕ್ಷಿಗಳಲ್ಲಿ. ಹತ್ತು ಜನರ ಮುಂದೆ ಕೊಟ್ಟರೆ ಶಾಸ್ತ್ರ, ಮರೆಯಲ್ಲಿ ಕೊಟ್ಟರೆ ಗುಟ್ಟು.

೬. ಶಿಕ್ಷೆ: ಅಮೃತಮತಿಯಿಂದ ಗಂಗೆಯವರೆಗೆ

ನಾಲ್ಕನೆಯ ಸಾಧನ ಶಿಕ್ಷೆ. ಜನ್ನನ ‘ಯಶೋಧರ ಚರಿತೆ’ (1209) ಇದರ ಪ್ರಮುಖ ಪಠ್ಯ. ರಾಣಿ ಅಮೃತಮತಿ ಇರುಳಿನಲ್ಲಿ ಮಾವುತ ಅಷ್ಟಾವಂಕನ ಹಾಡನ್ನು ಕೇಳಿ, ಮುಖ ಕಾಣುವ ಮೊದಲೇ ದನಿಗೆ ಮನಸೋಲುತ್ತಾಳೆ. ಅವನು ಕುರೂಪಿಯೆಂದು ದೂತಿ ತಿಳಿಸಿದ ಮೇಲೂ ಆಕೆ ಹಿಂಜರಿಯುವುದಿಲ್ಲ. ದನಿಯೊಂದೇ ಆಸೆಯನ್ನು ಹೊತ್ತಿಸಿದ ಈ ಪ್ರಸಂಗದಲ್ಲಿ, ಕಾಣದಿರುವುದು ಕಲ್ಪನೆಗೆ ಕೊಡುವ ಬಲವನ್ನು ಜನ್ನ ಅರಿತಿದ್ದನೆಂಬುದು ಸ್ಪಷ್ಟವಾಗುತ್ತದೆ. ಮುಂದೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುವ ಕೊಲೆಗಾತಿಯಾಗುತ್ತಾಳೆ. ಅವಳ ಬಯಕೆಯ ಮನೋವಿಜ್ಞಾನ ಅಲ್ಲಿಗೆ ಮುಗಿದು, ಧರ್ಮಕಥೆಯ ಜನ್ಮಾಂತರಗಳ ಲೆಕ್ಕಾಚಾರ ಆರಂಭವಾಗುತ್ತದೆ.

ಈ ಕಾವ್ಯದಲ್ಲಿ ವಿಮರ್ಶೆ ಹೆಚ್ಚು ಗಮನ ಕೊಡಬೇಕಾದ ಅಂಶವೊಂದಿದೆ. ರಾಣಿಯ ಗುಪ್ತಮಿಲನವನ್ನು ನಾವು ಯಶೋಧರನ ಕಣ್ಣಿನಿಂದ ನೋಡುತ್ತೇವೆ. ಅವನು ಮರೆಯಲ್ಲಿ ಹಿಂಬಾಲಿಸಿ, ತಡವಾಗಿ ಬಂದುದಕ್ಕೆ ಮಾವುತ ಅವಳನ್ನು ಹೊಡೆಯುವುದನ್ನು ಕಾಣುತ್ತಾನೆ, ಕತ್ತಿ ಎತ್ತಿ ತಡೆದುಕೊಳ್ಳುತ್ತಾನೆ. ಓದುಗನೂ ಅವನ ಜೊತೆಗೆ ಮರೆಯಲ್ಲಿ ನಿಂತಿದ್ದಾನೆ. ದಾಂಪತ್ಯದ್ರೋಹದ ಕಥೆಯಲ್ಲಿ ನಾವು ಸಾಮಾನ್ಯವಾಗಿ ಪ್ರೇಮಿಗಳ ಆಸೆಯನ್ನು ಮಾತ್ರ ಗುರುತಿಸುತ್ತೇವೆ. ಮರೆಯಿಂದ ನೋಡುವ ಗಂಡನ ಕುತೂಹಲವೂ ಒಂದು ಬಗೆಯ ಕಲ್ಪನಾವಿಲಾಸವೇ, ಅದೂ ನಿಷಿದ್ಧದ ಆಕರ್ಷಣೆಯೇ. ಅವಳು ದ್ರೋಹ ಮಾಡುತ್ತಿದ್ದಾಳೆ ಎಂದು ಊಹಿಸಿ, ಆ ಊಹೆಯನ್ನು ಬಿಡಲಾರದೆ ಬೆನ್ನುಹತ್ತುವ ಈ ಮನಃಸ್ಥಿತಿಯನ್ನು ಇಲ್ಲಿ ‘ಶಂಕೆಯ ಕಣ್ಣು’ ಎಂದು ಕರೆಯಲಾಗಿದೆ. ಯಶೋಧರನ ಶಂಕೆ ಕಾವ್ಯದಲ್ಲಿ ನಿಜವಾಗುತ್ತದೆ. ಆದ್ದರಿಂದಲೇ ಓದುಗ ಅದನ್ನು ಪ್ರಶ್ನಿಸುವುದಿಲ್ಲ. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಇದೇ ವಸ್ತುವನ್ನು ಮರಳಿ ಎತ್ತಿಕೊಂಡು, ರಾಣಿಗೂ ತನ್ನ ಮಾತನ್ನು ತಾನೇ ಆಡುವ ಅವಕಾಶ ಕೊಟ್ಟದ್ದು ಈ ದೃಷ್ಟಿಯಿಂದ ಮಹತ್ವದ್ದಾಗಿದೆ.

ಬೈಲಹೊಂಗಲ ಸೀಮೆಯಲ್ಲಿ ನಡೆದ ಘಟನೆಯೆಂದೇ ನಂಬಲಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಉತ್ತರ ಕರ್ನಾಟಕದಾದ್ಯಂತ ಜನಪ್ರಿಯವಾಗಿದೆ. ಜಾತ್ರೆಯಲ್ಲಿ ಈರ್ಯಾನ ಹೆಂಡತಿ ಗಂಗಿಯನ್ನು ಕಂಡ ಸಂಗ್ಯಾ ಮೋಹಗೊಳ್ಳುತ್ತಾನೆ, ಗೆಳೆಯ ಬಾಳ್ಯಾನ ನೆರವು ಬೇಡುತ್ತಾನೆ, ಸಂಬಂಧ ಬೆಳೆಯುತ್ತದೆ, ಕೊನೆಗೆ ಬಾಳ್ಯಾನ ದ್ರೋಹದಿಂದಲೇ ಕೊಲೆಯಾಗುತ್ತಾನೆ. ಶೀರ್ಷಿಕೆಯಲ್ಲಿ ಇಬ್ಬರು ಗಂಡಸರ ಹೆಸರಿದೆ, ಗಂಗಿಯ ಹೆಸರಿಲ್ಲ. ಪ್ರೇಕ್ಷಕರ ಕಣ್ಣೀರು ಹರಿಯುವುದು ಗೆಳೆತನದ ಭಂಗಕ್ಕೆ. ದಾಂಪತ್ಯದ್ರೋಹದ ಪ್ರಶ್ನೆ ಮಿತ್ರದ್ರೋಹದ ಪ್ರಶ್ನೆಯ ಹಿಂದೆ ಸರಿದುಬಿಡುತ್ತದೆ. ಫ್ರೆಂಚ್ ಚಿಂತಕ ರೆನೆ ಜಿರಾರ್ 1961ರಲ್ಲಿ ಮಂಡಿಸಿದ ಅನುಕರಣದ ಆಸೆಯ ಸಿದ್ಧಾಂತವು ಬಯಸುವವ, ಬಯಸಿದ ವಸ್ತು, ಮಧ್ಯವರ್ತಿ ಎಂಬ ತ್ರಿಕೋನವನ್ನು ಗುರುತಿಸುತ್ತದೆ. ಸಣ್ಣಾಟದ ತ್ರಿಕೋನದಲ್ಲಿಯೂ ಗಾಢವಾದ ಗೆರೆ ಇರುವುದು ಇಬ್ಬರು ಗಂಡಸರ ನಡುವೆಯೇ. ಜೋಕುಮಾರನ ಆಚರಣೆಗೆ ಹೋಲಿಸಿದರೆ ಇಲ್ಲಿಯೂ ಗಂಡೇ ಕೊಲೆಯಾಗುತ್ತಾನೆ. ಆದರೆ ಕಥೆ ಹೇಳುವವರು ಈಗ ಹೆಣ್ಣುಮಕ್ಕಳಲ್ಲ.

೭. ಬೆಳ್ಳಿತೆರೆ: ಹೆಣ್ಣಿನ ಬಯಕೆಗೆ ದೊರೆತ ಮುಖ

ಹೆಣ್ಣಿನ ಅತೃಪ್ತಿಯನ್ನು ಒಳಗಿನಿಂದ ನೋಡುವ ಪ್ರಯತ್ನ ಕನ್ನಡ ಚಲನಚಿತ್ರದಲ್ಲಿ 1970ರ ದಶಕದಲ್ಲಿ ಬಲವಾಗಿ ಕಾಣಿಸಿಕೊಂಡಿತು. ಭಾರತೀಸುತರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1973ರಲ್ಲಿ ನಿರ್ದೇಶಿಸಿದ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದಲ್ಲಿ ಜಯಂತಿ ಅಭಿನಯಿಸಿದ ಮಾಧವಿ, ದೈಹಿಕ ಸುಖವಿಲ್ಲದ ದಾಂಪತ್ಯದಲ್ಲಿ ನೊಂದವಳು. ಯುವಕನೊಬ್ಬನ ಕಡೆಗೆ ಅವಳ ಸೆಳೆತ ಪ್ರೇಕ್ಷಕರಿಗೆ ಅರ್ಥವಾಗುವಂತೆ ಚಿತ್ರಿತವಾಗಿದೆ. ಆದರೂ ಕಥೆ ಅವಳ ದುರಂತದಲ್ಲಿ ಮುಗಿಯುತ್ತದೆ. ಪ್ರೇಕ್ಷಕನಿಗೆ ಎರಡು ಗಂಟೆಗಳ ಸಹಾನುಭೂತಿ, ಸಮಾಜಕ್ಕೆ ಕೊನೆಯ ಹತ್ತು ನಿಮಿಷಗಳ ತೀರ್ಪು ಎಂಬ ಒಪ್ಪಂದ ಇಲ್ಲಿದೆ. ಆಲನಹಳ್ಳಿ ಶ್ರೀಕೃಷ್ಣರ ಕಾದಂಬರಿ ಆಧಾರಿತ ‘ಪರಸಂಗದ ಗೆಂಡೆತಿಮ್ಮ’ (1978) ಪೇಟೆಯ ಬಣ್ಣದ ವಸ್ತುಗಳು ಹಳ್ಳಿಯ ಹೆಣ್ಣಿನ ಕಲ್ಪನೆಯನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಸೇರಿಸಿ, ಆಕರ್ಷಣೆಗೆ ಆರ್ಥಿಕ ಆಯಾಮ ಕೊಟ್ಟಿತು. ಅಲ್ಲಿ ಆ ವಸ್ತುಗಳನ್ನು ಹೊತ್ತು ತರುವವನು ಗಂಡನೇ.

ಈ ಒಪ್ಪಂದವನ್ನು ಮುರಿದ ಪಠ್ಯ ಕಾರ್ನಾಡರ ‘ನಾಗಮಂಡಲ’ (1988). ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿದ ಈ ನಾಟಕ 1997ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಗಂಡನ ರೂಪ ತಳೆದು ಇರುಳು ಬರುವ ನಾಗನಲ್ಲಿ ನಮ್ಮ ನಾಲ್ಕು ಸಾಧನಗಳೂ ಕೂಡಿವೆ: ನಾಗನದು ವೇಷ, ರಾಣಿಗೆ ಅದು ಕನಸಿನಂಥ ಅನುಭವ, ಹುತ್ತದ ಮುಂದಿನ ದಿವ್ಯ ಒಂದು ಆಚರಣೆ, ಪಂಚರ ಸಭೆ ಶಿಕ್ಷೆಯ ಸ್ಥಳ. ಆದರೆ ಶಿಕ್ಷೆ ಆಗುವ ಜಾಗದಲ್ಲಿ ರಾಣಿ ದೇವಿಯಾಗಿಬಿಡುತ್ತಾಳೆ. ಬಹಿರಂಗವಾಗಿ ಸೂಳೆಯ ಮನೆಗೆ ಹೋಗುವ ಅಪ್ಪಣ್ಣನೇ ಹೆಂಡತಿಯ ಶೀಲವನ್ನು ಪಂಚರ ಮುಂದೆ ಎಳೆಯುತ್ತಾನೆ ಎಂಬುದು ನಾಟಕದ ಮರ್ಮ. ಶಂಕೆಯ ಕಣ್ಣನ್ನು ಮೊದಲ ಬಾರಿಗೆ ಇಲ್ಲಿ ನ್ಯಾಯಾಸನದಿಂದ ಇಳಿಸಿ ಕಟಕಟೆಯಲ್ಲಿ ನಿಲ್ಲಿಸಲಾಗಿದೆ.

೮. ಸುದ್ದಿ, ಶಂಕೆ, ಕಾನೂನು

ಇಲ್ಲಿಯವರೆಗೆ ನೋಡಿದ ಪಠ್ಯಗಳಲ್ಲೆಲ್ಲ ತನ್ಮಯತೆಗೂ ತೀರ್ಪಿಗೂ ನಡುವೆ ಯಾವುದೋ ಒಂದು ಸಾಧನವಿತ್ತು. ಅದು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಪತ್ರಿಕಾ ವರದಿಗಳೂ ಅಪರಾಧ ಪ್ರಸಂಗಗಳನ್ನು ನಟಿಸಿ ತೋರಿಸುವ ದೂರದರ್ಶನ ಕಾರ್ಯಕ್ರಮಗಳೂ ಸಾಕ್ಷಿ. ‘ಅನೈತಿಕ ಸಂಬಂಧದ ಶಂಕೆ: ಪತ್ನಿಯ ಕೊಲೆ’ ಎಂಬ ಮಾದರಿಯ ತಲೆಬರಹ ಕನ್ನಡ ಓದುಗರಿಗೆ ಪರಿಚಿತವೇ. ಈ ವಾಕ್ಯದ ರಚನೆಯನ್ನು ಭಾಷಾವಿಜ್ಞಾನದ ವಿದ್ಯಾರ್ಥಿ ಗಮನಿಸಬೇಕು. ಮೊದಲು ಸಂಬಂಧ, ಅದಕ್ಕೆ ‘ಅನೈತಿಕ’ ಎಂಬ ತೀರ್ಪು, ಆಮೇಲೆ ಶಂಕೆ, ಕೊನೆಗೆ ಕೊಲೆ. ಶಂಕಿಸಿದವನೂ ಕೊಂದವನೂ ವಾಕ್ಯದಲ್ಲಿ ಕರ್ತೃವಾಗಿ ಕಾಣಿಸುವುದೇ ಇಲ್ಲ. ಗಂಡನ ಮನಸ್ಸಿನೊಳಗಿನ ಒಂದು ಕಲ್ಪನೆ ವ್ಯಾಕರಣದ ಬಲದಿಂದ ಕೊಲೆಗೆ ಕಾರಣವಾಗಿ ಮಾರ್ಪಡುತ್ತದೆ. ಸತ್ತವಳು ಉತ್ತರ ಹೇಳಲಾರಳು.

ಇದಕ್ಕೆ ದೀರ್ಘ ಇತಿಹಾಸವಿದೆ. 1959ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ. ‘ಬ್ಲಿಟ್ಜ್’ ವಾರಪತ್ರಿಕೆ ಅವನನ್ನು ಮರ್ಯಾದೆಗೆ ನಿಂತ ವೀರನೆಂಬಂತೆ ಬಿಂಬಿಸಿತು. ಜ್ಯೂರಿಯ ಎಂಟು ಮಂದಿ ಅವನು ನಿರಪರಾಧಿಯೆಂದರು, ಒಬ್ಬರು ಮಾತ್ರ ಭಿನ್ನಮತ ಸೂಚಿಸಿದರು. ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ ಜೀವಾವ ಶಿಕ್ಷೆ ವಿಧಿಸಿತು, 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮುಂದೆ ಅವನಿಗೆ ಕ್ಷಮಾದಾನ ದೊರೆಯಿತು. ಸಂಗ್ಯಾನಿಗಾಗಿ ಅಳುವ ಬಯಲಾಟದ ಪ್ರೇಕ್ಷಕನಿಗೂ ನಾನಾವತಿಗಾಗಿ ಜಯಕಾರ ಹಾಕಿದ ಪತ್ರಿಕೆಯ ಓದುಗನಿಗೂ ಇರುವ ವ್ಯತ್ಯಾಸ ಸಣ್ಣದಲ್ಲ.

ಕಾನೂನು ಕೂಡ ಬಹುಕಾಲ ಶಂಕೆಯ ಕಣ್ಣಿನ ಪಕ್ಷದಲ್ಲಿತ್ತು. 1860ರ ಭಾರತೀಯ ದಂಡಸಂಹಿತೆಯ 497ನೆಯ ಕಲಮು ಪರರ ಹೆಂಡತಿಯನ್ನು ಕೂಡಿದ ಗಂಡಸನ್ನು ಮಾತ್ರ ಶಿಕ್ಷಿಸುತ್ತಿತ್ತು. ಗಂಡನ ಒಪ್ಪಿಗೆಯಿದ್ದರೆ ಅದು ಅಪರಾಧವೇ ಅಲ್ಲ. ಗಂಡ ತಪ್ಪಿದರೆ ದೂರುವ ಹಕ್ಕು ಹೆಂಡತಿಗಿರಲಿಲ್ಲ. ಮೇಲ್ನೋಟಕ್ಕೆ ಹೆಣ್ಣನ್ನು ರಕ್ಷಿಸಿದಂತೆ ಕಂಡರೂ ಈ ಕಲಮಿನ ಒಳಗಣ ತರ್ಕ ಹೆಣ್ಣು ಗಂಡನ ಸ್ವತ್ತು ಎಂಬುದಾಗಿತ್ತು. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಈ ಅಪರಾಧ ಇಲ್ಲ. ವಿಚ್ಛೇದನಕ್ಕೆ ಅದು ಕಾರಣವಾಗಿ ಉಳಿದಿದೆ. ಅಂದರೆ ದಾಂಪತ್ಯದ್ರೋಹ ಇಂದು ಇಬ್ಬರ ನಡುವಿನ ನಂಬಿಕೆಯ ಪ್ರಶ್ನೆ, ಪೊಲೀಸರ ಪ್ರಶ್ನೆಯಲ್ಲ. ಕಾನೂನಿನಲ್ಲಿ ಆಗಿರುವ ಈ ಬದಲಾವಣೆ ನಮ್ಮ ತಲೆಬರಹಗಳ ಭಾಷೆಗೆ ಇನ್ನೂ ತಲುಪಿಲ್ಲ.

೯. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ನಿಷಿದ್ಧದ ಆಕರ್ಷಣೆಗೆ ಮಾಧ್ಯಮಗಳು ಕಾರಣವಲ್ಲ, ಅವು ಅದಕ್ಕೆ ಆಕಾರ ಕೊಡುತ್ತವೆ. ಕಲ್ಪನೆಯೂ ಕೃತ್ಯವೂ ಒಂದಲ್ಲ. ಜೋಕುಮಾರನನ್ನು ಹೊತ್ತ ಹೆಣ್ಣುಮಗಳಾಗಲಿ ಕೀಚಕನ ಆಟ ನೋಡಿದವನಾಗಲಿ ಅದರಿಂದ ದಾಂಪತ್ಯ ಮುರಿದುಕೊಂಡಿಲ್ಲ. ಆಚರಣೆ, ವೇಷ, ಕನಸುಗಳ ಮೂಲಕ ಸಮುದಾಯ ತನ್ನ ಆಸೆಯನ್ನು ತಾನೇ ದೂರದಿಂದ ನೋಡಿಕೊಳ್ಳುವ ವಿವೇಕವನ್ನು ಬೆಳೆಸಿಕೊಂಡಿದೆ. ಅಪಾಯ ಹೆಚ್ಚಿರುವುದು ಬಯಸುವವರ ಕಲ್ಪನೆಯಲ್ಲಿ ಅಲ್ಲ, ಶಂಕಿಸುವವರ ಕಲ್ಪನೆಯಲ್ಲಿ. ಬಯಕೆ ತನ್ನನ್ನು ಕಲ್ಪನೆಯೆಂದು ಬಲ್ಲದು, ಆದ್ದರಿಂದ ವೇಷ ಹಾಕಿಕೊಳ್ಳುತ್ತದೆ. ಶಂಕೆ ತನ್ನನ್ನು ಸತ್ಯವೆಂದೇ ನಂಬುತ್ತದೆ, ಆದ್ದರಿಂದ ಅದಕ್ಕೆ ವೇಷ ಬೇಕಿಲ್ಲ.

ಇದು ಕನ್ನಡ ಅಧ್ಯಾಪಕರ ಹೊಣೆಗೂ ಸಂಬಂಧಿಸಿದ ವಿಷಯ. ಅಮೃತಮತಿಯ ಪ್ರಸಂಗವನ್ನು ಬೋಧಿಸುವಾಗ ತರಗತಿಯ ಒಂದು ಬದಿಯಿಂದ ಏಳುವ ಮುಸಿನಗುವೂ ಇನ್ನೊಂದು ಬದಿಯ ತಲೆತಗ್ಗಿಸಿದ ಮೌನವೂ ನಮಗೆಲ್ಲ ಪರಿಚಿತವೇ. ಮುಜುಗರದಿಂದ ಪದ್ಯಗಳನ್ನು ದಾಟಿಸಿಬಿಡುವುದು, ಇಲ್ಲವೆ ‘ಹೆಣ್ಣಿನ ಚಂಚಲತೆ’ಗೆ ಉದಾಹರಣೆಯೆಂದು ಟಿಪ್ಪಣಿ ಬರೆಸುವುದು, ಈ ಎರಡೂ ದಾರಿಗಳು ಆ ನಗುವನ್ನು ಗಟ್ಟಿಗೊಳಿಸುತ್ತವೆ. ಅವುಗಳ ಬದಲು, ಈ ದೃಶ್ಯವನ್ನು ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಯಾರ ಮಾತು ಇಲ್ಲಿ ಕೇಳಿಸುತ್ತಿಲ್ಲ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೂ ಸಾಕು. ಕಾವ್ಯದಲ್ಲಿ ಆ ಪ್ರಶ್ನೆ ಕೇಳಲು ಕಲಿತ ವಿದ್ಯಾರ್ಥಿ ನಾಳೆ ಪತ್ರಿಕೆಯ ತಲೆಬರಹದ ಮುಂದೆಯೂ, ಓಣಿಯ ಗುಸುಗುಸಿನ ಮುಂದೆಯೂ, ತನ್ನ ಮನೆಯೊಳಗೂ ಅದನ್ನು ಕೇಳಬಲ್ಲನು.

ಹಾವೇರಿ ಸೀಮೆಯ ಜೋಕುಮಾರನ ಹಾಡುಗಳನ್ನು ಹಾಡುವ ಮಹಿಳೆಯರ ದೃಷ್ಟಿಯಿಂದಲೇ ಸಂಗ್ರಹಿಸಿ ಅಧ್ಯಯನ ಮಾಡುವುದು, ಸಣ್ಣಾಟದ ಪಾಠಾಂತರಗಳಲ್ಲಿ ಗಂಗಿಯ ಮಾತುಗಳು ಎಲ್ಲಿ ಹೆಚ್ಚಿವೆ, ಎಲ್ಲಿ ಕಡಿಮೆಯಾಗಿವೆ ಎಂದು ತೌಲನಿಕವಾಗಿ ನೋಡುವುದು, ಕನ್ನಡ ಪತ್ರಿಕೆಗಳ ಅಪರಾಧ ವರದಿಗಳ ಭಾಷೆಯನ್ನು ದಶಕವಾರು ವಿಶ್ಲೇಷಿಸುವುದು, ಈ ಮೂರು ಕೆಲಸಗಳು ಮುಂದಿನ ಸಂಶೋಧಕರನ್ನು ಕಾದಿವೆ. ಗೋಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ ಇದೇ ಸೀಮೆಯಲ್ಲಿರುವುದರಿಂದ ಕ್ಷೇತ್ರಕಾರ್ಯಕ್ಕೆ ಅನುಕೂಲವೂ ಇದೆ. ಹಾಡುವ ಹಿರಿಯ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯಾಗುವ ಮೊದಲು ಆ ಕೆಲಸ ಆರಂಭವಾಗಬೇಕಾಗಿದೆ.